ಮೌನಕ್ಕೆ ಹೊರಟ ಐವತ್ತೆರಡು ಮಂದಿ

ಬೆಂಗಳೂರಿನಲ್ಲಿ ಮೌನ ಸಿಗುವುದಿಲ್ಲ ಎಂಬ ದೂರು ಹಳೆಯದಾಯಿತು. ಅದನ್ನು ನಗರದ ಹೊರಗೆ ಮುಂಗಡವಾಗಿ ಕಾಯ್ದಿರಿಸಬಹುದು, ಅದಕ್ಕೆ ತಲೆಗೆ 1,499 ರೂಪಾಯಿ ತಗಲುತ್ತದೆ, ಎರಡು ಇಡ್ಲಿ ಮತ್ತು ಒಂದು ವಡೆ ಆ ದರದಲ್ಲೇ ಸೇರಿರುತ್ತದೆ ಎಂಬ ಸಂಗತಿ ಮಾತ್ರ ನನಗೆ ತಿಳಿದದ್ದು ಕಳೆದ ಮಳೆಗಾಲದ ಕೊನೆಯಲ್ಲಿ. ವಾರಾಂತ್ಯದ ಚಾರಣಗಳನ್ನು ಏರ್ಪಡಿಸುವ ಸಂಸ್ಥೆಯೊಂದು ‘ನಿಶ್ಶಬ್ದ ನಡಿಗೆ’ ಎಂಬ ಹೆಸರಿನಲ್ಲಿ ಆನೇಕಲ್ಲಿನ ಬಳಿಯ ಮುತ್ಯಾಲಮಡುವು ಜಲಪಾತಕ್ಕೆ ಜನರನ್ನು ಕರೆದೊಯ್ಯುತ್ತಿದೆ ಎಂದು ನೆರೆಮನೆಯವರು ಹೇಳಿದಾಗ, ನಮ್ಮ ಬೀದಿಯಲ್ಲಿ ಏಕಕಾಲಕ್ಕೆ ಎರಡು ಕೊಳವೆಬಾವಿಗಳನ್ನು ಕೊರೆಯುತ್ತಿದ್ದುದರಿಂದ, ಅವರ ಮಾತು ಪೂರ್ತಿ ಕೇಳಿಸದಿದ್ದರೂ ನಾನು ತಲೆಯಾಡಿಸಿ ಒಪ್ಪಿಕೊಂಡೆ.

ಮುತ್ಯಾಲಮಡುವು ಬೆಂಗಳೂರಿನಿಂದ ಸುಮಾರು 40 ಕಿಲೋಮೀಟರ್ ದೂರದಲ್ಲಿ, ಆನೇಕಲ್ ಪಟ್ಟಣವನ್ನು ದಾಟಿ ಸ್ವಲ್ಪ ಮುಂದೆ, ತಮಿಳುನಾಡಿನ ಗಡಿಗೆ ಹತ್ತಿರದಲ್ಲಿದೆ. ಬಂಡೆಯ ಮೇಲಿನಿಂದ ಬೀಳುವ ನೀರು ಮುತ್ತಿನ ಹನಿಗಳಂತೆ ಚದುರುತ್ತದೆಂದು ಆ ಹೆಸರು ಬಂತಂತೆ. ಇಂಗ್ಲಿಷಿನಲ್ಲಿ ಅದನ್ನು ‘ಪರ್ಲ್ ವ್ಯಾಲಿ’ ಎನ್ನುತ್ತಾರೆ. ನೀರು ನಿಲ್ಲುವ ಮಡುವು ಇಂಗ್ಲಿಷಿಗೆ ಹೋಗುವ ದಾರಿಯಲ್ಲಿ ಬತ್ತಿ ಕಣಿವೆಯಾಗಿದೆ. ಮೇಲೆ ರಾಜ್ಯ ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ ಹೋಟೆಲಿದೆ, ಅಲ್ಲಿಂದ ಕೆಳಗೆ ಮೆಟ್ಟಿಲುಗಳಿವೆ, ಸುತ್ತ ಕುರುಚಲು ಕಾಡಿದೆ. ಮಳೆಯನ್ನೇ ನಂಬಿರುವ ಜಲಪಾತವಾದ್ದರಿಂದ ಬೇಸಿಗೆಯಲ್ಲಿ ಹೋದವರಿಗೆ ಬಂಡೆಯ ದರ್ಶನ ಮಾತ್ರ ಖಚಿತ.

ಹೆಸರು ನೋಂದಾಯಿಸಿದ ಅರ್ಧ ಗಂಟೆಯಲ್ಲಿ ನನ್ನನ್ನು ‘ಮೌನಿಗಳು: ತಂಡ 17’ ಎಂಬ ವಾಟ್ಸ್‌ಆ್ಯಪ್ ಗುಂಪಿಗೆ ಸೇರಿಸಲಾಯಿತು. ಶನಿವಾರ ರಾತ್ರಿಯ ಹೊತ್ತಿಗೆ ಆ ಗುಂಪಿನಲ್ಲಿ 412 ಸಂದೇಶಗಳು ಬಂದಿದ್ದವು. ಮೌನದ ಅವಧಿಯಲ್ಲಿ ಮೊಬೈಲ್ ಸಂಪರ್ಕ ಸಿಗುತ್ತದೆಯೇ ಎಂದು ಒಬ್ಬರು ಕೇಳಿದ್ದರು. ಪಿಸುಮಾತು ಮೌನದ ವ್ಯಾಪ್ತಿಗೆ ಬರುತ್ತದೆಯೇ ಎಂದು ಇನ್ನೊಬ್ಬರು. ಎಂಟು ವರ್ಷದ ಮಗನಿಗೆ ಅರ್ಧ ಟಿಕೆಟ್ ಇರುವುದರಿಂದ ಅರ್ಧ ದಾರಿಯವರೆಗೆ ಮಾತ್ರ ಸುಮ್ಮನಿದ್ದರೆ ಸಾಕೇ ಎಂದು ಒಬ್ಬ ತಾಯಿ. ಕೊನೆಯ ಪ್ರಶ್ನೆಯಲ್ಲಿ ವ್ಯವಹಾರಜ್ಞಾನವಿತ್ತು. ಸಂಘಟಕರು ಅದಕ್ಕೆ ಕೈಮುಗಿಯುವ ಚಿತ್ರವೊಂದನ್ನು ಕಳಿಸಿ ಜಾರಿಕೊಂಡರು.

ಭಾನುವಾರ ಬೆಳಗಿನ ಐದೂವರೆಗೆ ಮಡಿವಾಳದಲ್ಲಿ ಬಸ್ಸು ಹತ್ತಿದಾಗ ಒಳಗೆ ಧ್ವನಿವರ್ಧಕ ಭರ್ಜರಿಯಾಗಿ ಮೊಳಗುತ್ತಿತ್ತು. ಮೌನವು ಆರಂಭವಾಗುವುದು ಮೊದಲನೆಯ ಮೆಟ್ಟಿಲಿನಿಂದ, ಅಲ್ಲಿಯವರೆಗೆ ಎಲ್ಲರೂ ತಮ್ಮೊಳಗಿನ ಗದ್ದಲವನ್ನು ಹೊರಹಾಕಿ ಖಾಲಿಯಾಗಬೇಕು ಎಂದು ತಂಡದ ನಾಯಕ ಮೈಕಿನಲ್ಲಿ ವಿವರಿಸಿದ. ಚಂದಾಪುರದವರೆಗೆ ಅಂತ್ಯಾಕ್ಷರಿಯ ಮೂಲಕ ಖಾಲಿಯಾದೆವು. ಆನೇಕಲ್ಲಿನವರೆಗೆ ಕುಣಿತದ ಮೂಲಕ. ಬಸ್ಸಿಳಿದ ಮೇಲೆ ವೃತ್ತಾಕಾರವಾಗಿ ನಿಂತು ಪ್ರತಿಯೊಬ್ಬರೂ ತಮ್ಮ ಹೆಸರು, ಕಂಪನಿ ಮತ್ತು ತಾವು ಮೌನವನ್ನು ಏಕೆ ಪ್ರೀತಿಸುತ್ತೇವೆ ಎಂಬುದನ್ನು ಒಂದು ನಿಮಿಷದಲ್ಲಿ ಹೇಳಬೇಕಾಗಿತ್ತು. ನಾವು ಐವತ್ತೆರಡು ಮಂದಿ. ಮೌನದ ಮೇಲಿನ ಪ್ರೀತಿಯನ್ನು ಒಂದು ನಿಮಿಷದಲ್ಲಿ ಮುಗಿಸಬಲ್ಲವರು ನಮ್ಮಲ್ಲಿ ಮೂವರೇ ಇದ್ದುದರಿಂದ ಪರಿಚಯದ ಶಾಸ್ತ್ರ ಒಂದೂವರೆ ಗಂಟೆ ನಡೆಯಿತು, ಅಷ್ಟರಲ್ಲಿ ಬಿಸಿಲು ಏರಿ ಹಕ್ಕಿಗಳು ತಮ್ಮ ಬೆಳಗಿನ ಪಾಳಿ ಮುಗಿಸಿ ಹೊರಟುಹೋದವು. ಬಳಿಕ ತುಟಿಯ ಮೇಲೆ ಬೆರಳಿಟ್ಟ ಚಿತ್ರವಿರುವ ಕಿತ್ತಳೆ ಬಣ್ಣದ ಅಂಗಿಗಳನ್ನು ಹಂಚಲಾಯಿತು. ಪ್ರತಿಯೊಂದೂ ಪ್ಲಾಸ್ಟಿಕ್ ಚೀಲದೊಳಗಿತ್ತು. ಐವತ್ತೆರಡು ಚೀಲಗಳನ್ನು ಒಟ್ಟಿಗೆ ಹರಿದಾಗ ಬರುವ ಸದ್ದು ಎಂಥದೆಂಬುದನ್ನು ನಾನು ಕೇಳಿದ್ದು ಅದೇ ಮೊದಲು. ಮೆಟ್ಟಿಲ ಬಳಿ ಕುಳಿತಿದ್ದ ಕೋತಿಗಳ ಹಿಂಡು, ಚಿಪ್ಸ್ ಬಂತೆಂದು ಭಾವಿಸಿ ಎದ್ದು ನಿಂತಿತು.

ಮೊದಲನೆಯ ಮೆಟ್ಟಿಲಿನಲ್ಲಿ ನಾಯಕ ಸೀಟಿ ಊದಿದ. ಅದು ಮೌನದ ಆರಂಭದ ಸೂಚನೆ. ಯಾರಾದರೂ ಮಾತಾಡಿದರೆ ಒಂದು ಸೀಟಿ, ಗುಂಪು ಚದುರಿದರೆ ಎರಡು, ಫೋಟೋ ತೆಗೆಯುವ ಸ್ಥಳ ಬಂದರೆ ಮೂರು. ಹಿಂದಿನ ಸಾಲಿನವರಿಗೆ ಸೀಟಿ ಕೇಳಿಸುವುದಿಲ್ಲವೆಂದು ಸಹಾಯಕನ ಕೈಗೆ ಮೆಗಾಫೋನ್ ಕೊಟ್ಟಿದ್ದರು. ‘ದಯವಿಟ್ಟು ನಿಶ್ಶಬ್ದವಾಗಿರಿ’ ಎಂದು ಆತ ಕೂಗಿದಾಗಲೆಲ್ಲ ಎದುರಿನ ಬಂಡೆ ಅಷ್ಟೇ ವಿನಯದಿಂದ ಅದನ್ನು ಮರಳಿ ಹೇಳುತ್ತಿತ್ತು, ನಮ್ಮ ತಂಡದ ಬಾಲಕನೊಬ್ಬ ಬಂಡೆಗೆ ‘ನೀನು ಮೊದಲು ಸುಮ್ಮನಿರು’ ಎಂದು ಉತ್ತರಿಸಿ ಒಂದು ಸೀಟಿ ಗಳಿಸಿದ. ಅರ್ಧ ಟಿಕೆಟ್ಟಿನವನು ಅವನೇ ಎಂದು ನನ್ನ ಅಂದಾಜು.

ಕಾನೂನು ತಿಳಿದವರು ಇಲ್ಲೊಂದು ಮಾತು ಕೇಳಬಹುದು. ಶಬ್ದಮಾಲಿನ್ಯ ನಿಯಂತ್ರಣ ನಿಯಮಗಳು ದೇಶದಲ್ಲಿ 2000ನೇ ಇಸವಿಯಿಂದ ಜಾರಿಯಲ್ಲಿವೆ. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ ಕನಿಷ್ಠ 100 ಮೀಟರ್ ಪ್ರದೇಶವನ್ನು ನಿಶ್ಶಬ್ದ ವಲಯವೆಂದು ಅವು ಗುರುತಿಸುತ್ತವೆ, ಹಗಲಿನಲ್ಲಿ ಅಲ್ಲಿ ಸದ್ದು 50 ಡೆಸಿಬಲ್ ಮೀರಬಾರದು. ಆ ಸಾಲಿನಲ್ಲಿ ಕಾಡಿನ ಹೆಸರಿಲ್ಲ. ಕಾಡು ಹೇಗೂ ಸದ್ದಿಲ್ಲದೆ ಇರುತ್ತದೆ, ಅದಕ್ಕೇಕೆ ನಿಯಮ ಎಂದು ಬರೆದವರು ಭಾವಿಸಿರಬೇಕು. ಆಸ್ಪತ್ರೆಯ ಎದುರಿಗೆ ಹಾರ್ನ್ ಬಾರಿಸಬಾರದೆಂಬ ಫಲಕದ ಕೆಳಗೇ ಹಾರ್ನ್ ಬಾರಿಸುವ ನಗರದವರು ಭಾನುವಾರಗಳಂದು ಎಲ್ಲಿಗೆ ಹೋಗುತ್ತಾರೆ ಎಂಬುದನ್ನು ಅವರು ಊಹಿಸಿರಲಿಕ್ಕಿಲ್ಲ.

ಕಾಲು ಗಂಟೆ ಇಳಿದ ಮೇಲೆ ದಾರಿಯ ಬದಿಗೆ, ಲಂಟಾನದ ಪೊದೆಯ ಸಂದಿನಲ್ಲಿ, ಒಣಗಿದ ಆನೆ ಲದ್ದಿಯೊಂದು ಕಾಣಿಸಿತು. ಹುಲ್ಲಿನ ನಾರುಗಳು ಬಿಡಿಬಿಡಿಯಾಗಿ ಬೆಳ್ಳಗಾಗಿದ್ದವು, ನಡುವೆ ಯಾವುದೋ ಬೀಜ ಮೊಳೆತು ಎರಡು ಎಲೆ ಬಿಟ್ಟಿತ್ತು, ಎಲೆಯ ಅಡಿಯಲ್ಲಿ ಇರುವೆಗಳು ಸಾಲುಗಟ್ಟಿ ತಮ್ಮ ಪಾಡಿಗೆ ಏನನ್ನೋ ಹೊತ್ತೊಯ್ಯುತ್ತಿದ್ದವು. ಆ ದಿನ ನಾನು ಕಂಡವರಲ್ಲಿ ಸಾಲನ್ನೂ ಮೌನವನ್ನೂ ಒಟ್ಟಿಗೆ ಪಾಲಿಸುತ್ತಿದ್ದವರು ಅವರು ಮಾತ್ರ. ಬಗ್ಗಿ ನೋಡುತ್ತಿದ್ದಂತೆ ಮೂರು ಸೀಟಿ ಕೇಳಿಸಿತು, ಲದ್ದಿಯ ಸುತ್ತ ಕಿತ್ತಳೆ ಬಣ್ಣದ ಜನ ನೆರೆದರು, ಇರುವೆಗಳ ಸಾಲು ಒಂದು ಬೂಟಿನ ಅಡಿಯಲ್ಲಿ ಕೊನೆಗೊಂಡಿತು. ಈ ಕಡೆ ಆನೆ ಇವೆಯೇ ಎಂದು ಮಹಿಳೆಯೊಬ್ಬರು ಕೈಸನ್ನೆಯಲ್ಲಿ ಸೊಂಡಿಲು ಮಾಡಿ ಕೇಳಿದರು. ಹೆದರಬೇಡಿ, ನಾವಿರುವ ಸದ್ದಿಗೆ ಯಾವ ಆನೆಯೂ ಹತ್ತಿರ ಸುಳಿಯುವುದಿಲ್ಲ ಎಂದು ನಾಯಕ ಮೆಗಾಫೋನಿನಲ್ಲಿ ಅಭಯವಿತ್ತ. ಇಡೀ ದಿನದಲ್ಲಿ ಆತ ಆಡಿದ ಸತ್ಯವಾದ ಮಾತು ಅದೊಂದೇ.

ಹಾಗೆ ನೋಡಿದರೆ ಆನೆಗಳಿಗೆ ಹಿಂದೆ ಸರಿದು ಅಭ್ಯಾಸವಾಗಿದೆ. ಪಕ್ಕದ ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನದ ಸುತ್ತ ಪರಿಸರ ಸೂಕ್ಷ್ಮ ವಲಯ, ಎಂದರೆ ಗಣಿಗಾರಿಕೆಯಂಥವಕ್ಕೆ ಕಡಿವಾಣವಿರುವ ಅಂಚಿನ ಪ್ರದೇಶ, ಎಷ್ಟಿರಬೇಕೆಂದು 2016ರ ಕರಡಿನಲ್ಲಿ 268.96 ಚದರ ಕಿಲೋಮೀಟರ್ ಎಂದು ಬರೆದಿದ್ದರು. 2020ರ ಅಂತಿಮ ಅಧಿಸೂಚನೆಯಲ್ಲಿ ಅದು 168.84 ಆಯಿತು. ನೂರು ಚದರ ಕಿಲೋಮೀಟರ್ ಸೂಕ್ಷ್ಮತೆ ನಾಲ್ಕು ವರ್ಷಗಳಲ್ಲಿ ಕಾಗದದ ಮೇಲೆ ಗಟ್ಟಿಯಾಗಿಬಿಟ್ಟಿತು. ಇದನ್ನು ಯಾವ ಸೀಟಿಯೂ ಇಲ್ಲದೆ, ಬಹಳ ನಿಶ್ಶಬ್ದವಾಗಿ ಮಾಡಲಾಯಿತು ಎಂಬುದನ್ನು ಒಪ್ಪಬೇಕು. ನಮ್ಮ ತಂಡದವರು ಕಲಿಯಬೇಕಾದದ್ದು ಅಲ್ಲಿಂದ.

ಜಲಪಾತದ ಬುಡ ತಲುಪಿದಾಗ ಅಲ್ಲಿ ನಮಗಿಂತ ಮೊದಲೇ ಬಂದಿದ್ದ ಇನ್ನೆರಡು ತಂಡಗಳಿದ್ದವು. ಒಂದು ಯೋಗದ ತಂಡ. ಇನ್ನೊಂದು, ಕಾಡನ್ನು ಸ್ವಚ್ಛಗೊಳಿಸಲು ಬಂದಿದ್ದ ತಂಡ. ಅವರು ಕಸ ಹೆಕ್ಕುವ ಮೊದಲು ತಮ್ಮ ಫ್ಲೆಕ್ಸ್ ಬ್ಯಾನರನ್ನು ಎರಡು ಮರಗಳ ನಡುವೆ ಪ್ಲಾಸ್ಟಿಕ್ ಹಗ್ಗದಿಂದ ಬಿಗಿಯುತ್ತಿದ್ದರು. ಮಳೆ ನಿಂತು ವಾರವಾಗಿದ್ದರಿಂದ ನೀರು ಬಡಾವಣೆಯ ನಲ್ಲಿಯಲ್ಲಿ ಬೆಳಗಿನ ಏಳು ಗಂಟೆಗೆ ಬರುವಷ್ಟು ದಪ್ಪಕ್ಕೆ ಬೀಳುತ್ತಿತ್ತು. ಅದರ ಮುಂದೆ ಧ್ಯಾನಮಗ್ನರಾಗಿ ಕುಳಿತ ಭಂಗಿಯಲ್ಲಿ ಫೋಟೋ ತೆಗೆಸಿಕೊಳ್ಳಲು ಒಂದೇ ಒಂದು ಒಳ್ಳೆಯ ಬಂಡೆಯಿತ್ತು, ಸಾಲು ನಲವತ್ತು ನಿಮಿಷದ್ದಾಗಿತ್ತು. ಒಬ್ಬೊಬ್ಬರಿಗೆ ಮೂವತ್ತು ಸೆಕೆಂಡಿನ ಧ್ಯಾನ. ಕಣ್ಣು ಸರಿಯಾಗಿ ಮುಚ್ಚಿರದಿದ್ದರೆ ಇನ್ನೊಮ್ಮೆ. ತಲೆಯ ಮೇಲೆ ಡ್ರೋನೊಂದು ಹೆಜ್ಜೇನಿನ ಹುಟ್ಟಿಗೆ ಕಲ್ಲು ಬಿದ್ದಂತೆ ಗುಂಯ್ಗುಟ್ಟುತ್ತ ನಮ್ಮ ಪ್ರಶಾಂತತೆಯನ್ನು ಚಿತ್ರೀಕರಿಸುತ್ತಿತ್ತು.

ನಾನು ಸಾಲು ಬಿಟ್ಟು ಮೆಟ್ಟಿಲ ಬದಿಯಲ್ಲಿ ಸೌತೆಕಾಯಿ ಮಾರುತ್ತಿದ್ದ ಅಜ್ಜಿಯ ಬಳಿಗೆ ಹೋದೆ. ವ್ಯಾಪಾರ ಹೇಗಿದೆ ಅಜ್ಜಿ ಎಂದು ಕೇಳಿದೆ.

‘ಯಾಪಾರಕ್ಕೇನು ಸಾಮಿ, ಶನಿವಾರ ಭಾನುವಾರ ಚೆನ್ನಾಗೇ ಐತೆ. ಈ ಮಾತಾಡದೆ ಇರೋ ಆಟಕ್ಕೆ ಬರ್ತಾರಲ್ಲ, ಅವರದ್ದೇ ನಂಗೆ ಕಷ್ಟ. ಅವ್ರು ಕೈಸನ್ನೆ ಮಾಡ್ತಾರೆ, ಉಪ್ಪು ಖಾರ ಎಷ್ಟು ಹಾಕ್ಲಿ ಅಂತ ನಾನು ಕಿರುಚ್ಕೊಂಡು ಕೇಳ್ಬೇಕು. ಸಂಜೆಗೆ ಗಂಟಲೇ ಇರಲ್ಲ.’

‘ಸೋಮವಾರ ಯಾರೂ ಬರುವುದಿಲ್ಲವೇ?’

‘ಸೋಮವಾರ ದನ ಬರ್ತವೆ’ ಎಂದು ಆಕೆ ಸೌತೆಕಾಯಿಯನ್ನು ನಾಲ್ಕಾಗಿ ಸೀಳಿ ಕೊಟ್ಟರು.

ಇದು ಮುತ್ಯಾಲಮಡುವಿನ ಒಂದು ಭಾನುವಾರದ ಕಥೆ ಮಾತ್ರವಲ್ಲ. 2024ರ ಗಣರಾಜ್ಯೋತ್ಸವದ ವಾರಾಂತ್ಯದಲ್ಲಿ ಏಕಾಂತವನ್ನು ಅರಸಿ ಕುಮಾರಪರ್ವತಕ್ಕೆ ಹೋದವರು ಬೆಟ್ಟದ ಮೇಲೆ ಜಾತ್ರೆಯ ತೇರಿನ ಹಿಂದೆ ನಿಂತಂತೆ ಒಬ್ಬರ ಬೆನ್ನಿಗೊಬ್ಬರು ನಿಂತಿದ್ದ ದೃಶ್ಯವನ್ನು ರಾಜ್ಯವೆಲ್ಲ ನೋಡಿತು. ಸರ್ಕಾರವು ಚಾರಣಗಳಿಗೆ ಕೆಲಕಾಲ ತಡೆ ಹಾಕಿತು, ಅದೇ ವರ್ಷದ ಅಕ್ಟೋಬರಿನಲ್ಲಿ ಆನ್‌ಲೈನ್ ಟಿಕೆಟ್ಟಿನ ವ್ಯವಸ್ಥೆ ತಂದಿತು, ಒಂದು ದಾರಿಗೆ ದಿನಕ್ಕೆ 300 ಮಂದಿ ಎಂಬ ಮಿತಿಯನ್ನೂ ಗೊತ್ತುಮಾಡಿತು. ಏಕಾಂತಕ್ಕೆ ಇದೀಗ ಅಧಿಕೃತ ಸಂಖ್ಯೆಯೊಂದು ದೊರೆತಿದೆ. ಅದಕ್ಕೂ ಹಿಂದಿನ ವರ್ಷ, 2023ರ ಜುಲೈನಲ್ಲಿ, ನಿರ್ಬಂಧ ಮೀರಿ ರೈಲು ಹಳಿಗುಂಟ ದೂಧಸಾಗರಕ್ಕೆ ನಡೆದು ಹೋದವರಿಂದ ಪೊಲೀಸರು ಸಾಲಾಗಿ ಬಸ್ಕಿ ಹೊಡೆಸಿದ್ದರು, ನೈರುತ್ಯ ರೈಲ್ವೆಯವರು ಜಲಪಾತದ ಸೊಬಗನ್ನು ಬೋಗಿಯೊಳಗೆ ಕುಳಿತೇ ಸವಿಯಿರೆಂದು ಮನವಿ ಮಾಡಿಕೊಂಡಿದ್ದರು. ಆ ಬಸ್ಕಿಯ ವಿಡಿಯೊ ನೋಡಿದಾಗ ನನಗೆ ನಗು ಬಂದಿತ್ತು. ಈಗ ಅನ್ನಿಸುತ್ತದೆ, ಆ ದಿನ ಜಲಪಾತದ ದಾರಿಯಲ್ಲಿ ಶಿಸ್ತಾಗಿ, ಮಾತಿಲ್ಲದೆ, ಉಸಿರಿನ ಕಡೆಗೆ ಪೂರ್ತಿ ಗಮನವಿಟ್ಟವರು ಬಹುಶಃ ಅವರೇ. ಅದೂ ಉಚಿತವಾಗಿ.

ಮರಳಿ ಮೇಲೆ ಹತ್ತಿದ ಬಳಿಕ ಮೌನ ಮುಗಿಯಿತೆಂದು ಸಾರಲು ಉದ್ದವಾದ ಸೀಟಿಯೊಂದನ್ನು ಊದಿದರು, ಆದರೆ ಎಲ್ಲರೂ ಏರುದನಿಯಲ್ಲಿ ಮಾತಾಡುತ್ತಿದ್ದುದರಿಂದ ಅದು ಯಾರಿಗೂ ಕೇಳಿಸಲಿಲ್ಲ. ಪ್ರತಿಯೊಬ್ಬರಿಗೂ ‘ಮೌನ ಸಾಧಕ’ ಎಂಬ ಪ್ರಮಾಣಪತ್ರ ಕೊಟ್ಟರು. ಬಸ್ಸಿನಲ್ಲಿ ಮೊಬೈಲಿಗೆ ಅಭಿಪ್ರಾಯದ ನಮೂನೆ ಬಂತು: ಉಪಾಹಾರಕ್ಕೆ ಐದರಲ್ಲಿ ಎಷ್ಟು ಅಂಕ, ವಾಹನಕ್ಕೆ ಎಷ್ಟು, ಮೌನದ ಗುಣಮಟ್ಟಕ್ಕೆ ಎಷ್ಟು. ವಡೆ ಗರಿಗರಿಯಾಗಿದ್ದುದರಿಂದ ನಾನು ಉಪಾಹಾರಕ್ಕೆ ನಾಲ್ಕು ಕೊಟ್ಟೆ. ಮೌನದ ಸಾಲನ್ನು ಖಾಲಿ ಬಿಟ್ಟು ಒತ್ತಿದಾಗ, ಎಲ್ಲ ಪ್ರಶ್ನೆಗಳಿಗೂ ಉತ್ತರಿಸುವುದು ಕಡ್ಡಾಯ ಎಂಬ ಕೆಂಪಕ್ಷರದ ಸೂಚನೆಯೊಂದಿಗೆ ಮೊಬೈಲು ಕಿಣಿಕಿಣಿಗುಟ್ಟಿತು.

ಮೂರು ದಿನದ ಮೇಲೆ ಡ್ರೋನಿನ ವಿಡಿಯೊ ಗುಂಪಿಗೆ ಬಂತು, ನಾನು ಮನೆಯವಳಿಗೆ ತೋರಿಸಿದೆ. ಸೀಟಿಯಿಲ್ಲ, ಮೆಗಾಫೋನಿಲ್ಲ, ಡ್ರೋನಿನ ಗುಂಯ್ಗಾಟವಂತೂ ಇಲ್ಲವೇ ಇಲ್ಲ. ಎಲ್ಲವನ್ನೂ ತೆಗೆದು, ಕೊಳಲಿನ ನಾದ ಸೇರಿಸಿ, ಅದರ ಹಿಂದೆ ಆಗಸ್ಟ್ ತಿಂಗಳ ಜೋಗದಲ್ಲಿ ಕೇಳಿಸುವಂಥ ನೀರಿನ ಭೋರ್ಗರೆತವನ್ನು ಜೋಡಿಸಿದ್ದರು. ಬಂಡೆಯ ಮೇಲೆ ಕಿತ್ತಳೆ ಅಂಗಿಯ ಮನುಷ್ಯನೊಬ್ಬ ಕಣ್ಣು ಮುಚ್ಚಿ ಕುಳಿತಿದ್ದ, ಅವನ ಹಿಂದೆ ನಲ್ಲಿಯಷ್ಟು ದಪ್ಪದ ನೀರು ಆ ಭಾರೀ ಸದ್ದಿಗೆ ತುಟಿಯಾಡಿಸುತ್ತಿತ್ತು.

‘ಅಷ್ಟೊಂದು ನೀರಿತ್ತೇನ್ರೀ?’ ಎಂದು ಅವಳು ಕೇಳಿದಳು. ಏನೋ ಹೇಳಲು ಹೊರಟೆ. ಹೊರಗೆ ಮೂರನೆಯ ಕೊಳವೆಬಾವಿಯನ್ನು ಕೊರೆಯಲು ಶುರುಮಾಡಿದ್ದರು, ಹಾಗಾಗಿ ತಲೆಯಾಡಿಸಿ ಸುಮ್ಮನಾದೆ.