ಬಾಗಿಲು ಎರಡು, ದಾರಿ ಒಂದೇ
ಧಾರವಾಡದ ನಮ್ಮ ಮನೆಯ ಮಾಳಿಗೆಯ ಮೇಲೆ ಮಳೆಯ ಅಳತೆಯನ್ನು ದಾಖಲಿಸಲೆಂದು ತಂದ ಅಂಗೈಯಗಲದ ಕಂಪ್ಯೂಟರ್ ಬೋರ್ಡಿನಲ್ಲಿ ಒಂದು ಟೈಪ್-ಎ, ಒಂದು ಟೈಪ್-ಸಿ, ಹೀಗೆ ಎರಡು ಯುಎಸ್‌ಬಿ ಪೋರ್ಟ್‌ಗಳಿವೆ. ಆದರೆ ಮೊದಲನೆಯದಕ್ಕೆ ಪೆನ್‌ಡ್ರೈವ್ ಸಿಕ್ಕಿಸಿ, ಎರಡನೆಯದಕ್ಕೆ ಲ್ಯಾಪ್‌ಟಾಪಿನ ಕೇಬಲ್ ಜೋಡಿಸಿದ ಕ್ಷಣವೇ ಪೆನ್‌ಡ್ರೈವ್ ಮಾಯವಾಗುತ್ತದೆ. ಎರಡು ಸಂಜೆ ಕೇಬಲ್ಲನ್ನೇ ಶಂಕಿಸಿ, ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿಗೆ ಹೋಗಿ ಹೊಸದನ್ನೂ ತಂದೆ. ಕೊನೆಗೆ ಸರ್ಕ್ಯೂಟ್ ನಕ್ಷೆಯನ್ನು ನೋಡಿದಾಗ ತಿಳಿಯಿತು: ಒಳಗಿರುವುದು ಯುಎಸ್‌ಬಿ ವ್ಯವಹಾರ ನಡೆಸುವ ಒಂದೇ ಹೈ-ಸ್ಪೀಡ್ ಕಂಟ್ರೋಲರ್, ಅದರ ಡಿ ಪ್ಲಸ್, ಡಿ ಮೈನಸ್ ಎಂಬ ಒಂದೇ ಜೋಡಿ ದತ್ತಾಂಶದ ತಂತಿಯನ್ನು ಒಂದು ಸ್ವಿಚ್ ಚಿಪ್ ಅತ್ತ ಇಲ್ಲವೇ ಇತ್ತ ತಿರುಗಿಸುತ್ತದೆ. ಸೆಕೆಂಡಿಗೆ 480 ಮೆಗಾಬಿಟ್ ವೇಗದ ಸಂಕೇತವನ್ನು ಸುಮ್ಮನೆ ಎರಡು ಕವಲಾಗಿ ಒಡೆದರೆ, ಬಳಸದ ಕವಲಿನ ತುದಿಯಿಂದ ಅದು ಮರಳಿ ಬಂದು ಕೆಡುತ್ತದೆ ಎಂಬುದು ಒಪ್ಪತಕ್ಕ ಮಾತೇ. ಸ್ವಿಚ್ಚಿನ ಬದಲು, ಒಂದೇ ದಾರಿಯನ್ನು ಹಲವು ಪೋರ್ಟ್‌ಗಳಿಗೆ ಹಂಚುವ ಹಬ್ ಚಿಪ್ ಹಾಕಿದ್ದರೆ ಎರಡು ಪೆನ್‌ಡ್ರೈವುಗಳಾದರೂ ಒಟ್ಟಿಗೆ ನಡೆಯುತ್ತಿದ್ದವು. ಲ್ಯಾಪ್‌ಟಾಪಿನ ತಾಪತ್ರಯ ಆಗಲೂ ಉಳಿಯುತ್ತಿತ್ತೆನ್ನಿ, ಏಕೆಂದರೆ ಆ ಒಂದು ಕಂಟ್ರೋಲರ್ ಅತ್ತ ಪೆನ್‌ಡ್ರೈವನ್ನು ನಡೆಸುವ ಹೋಸ್ಟ್ ಆಗಿಯೂ ಇತ್ತ ಲ್ಯಾಪ್‌ಟಾಪಿನ ಮಾತು ಕೇಳುವ ಸಾಧನವಾಗಿಯೂ ಏಕಕಾಲಕ್ಕೆ ವರ್ತಿಸಲಾರದು. ನನ್ನ ತಕರಾರು ಇಷ್ಟೇ: ಪೆಟ್ಟಿಗೆಯ ಮೇಲೆ ‘2 ಯುಎಸ್‌ಬಿ’ ಎಂದು ದಪ್ಪ ಅಕ್ಷರಗಳಲ್ಲಿ ಅಚ್ಚು ಹಾಕಿಸಿದವರಿಗೆ, ‘ಒಮ್ಮೆಗೆ ಒಂದೇ’ ಎಂಬ ಎರಡು ಪದಗಳಿಗೆ ಜಾಗ ಸಿಗಲಿಲ್ಲವೇ?