ಲಿಂಕನ್ನರಿಗೆ ಪ್ರಚಾರದ ಗಂಧಗಾಳಿಯೇ ಇರಲಿಲ್ಲ

2020ರ ಮೇ ತಿಂಗಳು, ಕೊರೊನಾ ಕಾಲ. 'ನಾನು ಯುದ್ಧಕಾಲದ ಅಧ್ಯಕ್ಷ' ಎಂದು ಟ್ರಂಪ್ ಸಾಹೇಬರು ಆಗಲೇ ಸಾರಿಕೊಂಡಿದ್ದರು. ವಾಷಿಂಗ್ಟನ್ನಿನ ಲಿಂಕನ್ ಸ್ಮಾರಕದೊಳಗೆ, ಕಲ್ಲಿನ ಲಿಂಕನ್ನರ ಎದುರಿಗೇ ಕುರ್ಚಿ ಹಾಕಿಸಿಕೊಂಡು ಟಿವಿಯಲ್ಲಿ ಮಾತಿಗೆ ಕೂತರು. ಪತ್ರಕರ್ತರು ಇವರಿಗಿಂತ ನನ್ನನ್ನೇ ಕೆಟ್ಟದಾಗಿ ನಡೆಸಿಕೊಂಡಿದ್ದಾರೆ ಎಂದು ನೊಂದುಕೊಂಡರು.

ನಿಜವೇ ಇರಬೇಕು. ಲಿಂಕನ್ನರಿಗೆ ಆಗಿದ್ದಾದರೂ ಏನು ಮಹಾ? ಪ್ರಮಾಣ ವಚನಕ್ಕೆ ಮೊದಲೇ ಏಳು ರಾಜ್ಯಗಳು ದೇಶ ಬಿಟ್ಟು ಹೊರಟಿದ್ದವು, ಮುಂದೆ ಅಂತರ್ಯುದ್ಧವೇ ಆಯಿತು. ಅವರದೇ ದಂಡನಾಯಕ ಮೆಕ್ಲೆಲನ್ ಪತ್ರದಲ್ಲಿ ಅವರನ್ನು ಗೊರಿಲ್ಲಾ ಎಂದು ಬರೆದ. ಮಗ ಶ್ವೇತಭವನದಲ್ಲೇ ತೀರಿಕೊಂಡ. ಕೊನೆಗೆ ನಾಟಕ ನೋಡಲು ಹೋದಲ್ಲಿ ತಲೆಗೆ ಗುಂಡು ಬಿತ್ತು. ಆದರೆ ಟಿವಿಯವರು ಯಾರಾದರೂ ಖಾರವಾಗಿ ಪ್ರಶ್ನೆ ಕೇಳಿದ್ದರಾ? ಇಲ್ಲ ಅಲ್ವಾ?

ಲಿಂಕನ್ನರಿಗೆ ಪ್ರಚಾರ ಗೊತ್ತಿರಲಿಲ್ಲ, ಅಷ್ಟೇ. 1863ರಲ್ಲಿ ಆ ಯುದ್ಧದ ರಣಭೂಮಿ ಗೆಟ್ಟಿಸ್‌ಬರ್ಗ್‌ನಲ್ಲಿ ಅವರಿಗಿಂತ ಮೊದಲು ಮಾತಾಡಿದ ವಾಗ್ಮಿ ಎವರೆಟ್ ಎರಡು ಗಂಟೆ ಎಳೆದರು. ಅಧ್ಯಕ್ಷರದ್ದು ಎರಡು ಮೂರು ನಿಮಿಷದಲ್ಲಿ ಮುಗಿಯಿತು. ಅಷ್ಟು ಹೊತ್ತಿನಲ್ಲಿ ನಮ್ಮ ಕಡೆ ವೇದಿಕೆ ಮೇಲಿದ್ದವರ ಹೆಸರೂ ಹೇಳಿ ಮುಗಿಯುವುದಿಲ್ಲ! ಇಡೀ ಭಾಷಣದಲ್ಲಿ 'ನಾನು' ಅಂತ ಒಂದೇ ಒಂದು ಸಲವೂ ಇಲ್ಲ. ಬರೆದುಕೊಟ್ಟವರು ಯಾರೋ ಎಂದು ಬೈಯೋಣವೆಂದರೆ ಅದನ್ನು ಬರೆದವರೂ ಅವರೇ.

ಅದೇ ವರ್ಷ ಅವರ ದಂಡನಾಯಕ ಗ್ರಾಂಟ್ ಶತ್ರುಗಳ ವಿಕ್ಸ್‌ಬರ್ಗ್ ಪಟ್ಟಣ ಗೆದ್ದುಕೊಟ್ಟ. ಗೆದ್ದಾಗ ಅಧ್ಯಕ್ಷರು ಏನು ಬರೆಯಬೇಕು? 'ಎಲ್ಲ ನನ್ನ ಯೋಜನೆ' ಎಂದು. ಇವರೋ, 'ನೀವು ಹೇಳಿದ್ದೇ ಸರಿ, ತಪ್ಪು ನನ್ನದು' ಎಂದು ಸುಮ್ನೆ ಬರೆದು ಕಳಿಸಿಯೇಬಿಟ್ಟರು. ಶತ್ರು ಸೈನ್ಯ ತಪ್ಪಿಸಿಕೊಳ್ಳಲು ಬಿಟ್ಟ ಇನ್ನೊಬ್ಬ ದಂಡನಾಯಕ ಮೀಡ್ ಮೇಲೆ ಸಿಟ್ಟು ಬಂದಾಗಲೂ ಉದ್ದದ ಪತ್ರ ಬರೆದರು. ಆದರೆ ಕಳಿಸಲಿಲ್ಲ, ಸಹಿಯನ್ನೂ ಹಾಕಲಿಲ್ಲ, ಮಡಚಿ ಒಳಗಿಟ್ಟರು. ಈಗಾಗಿದ್ದರೆ ಬೆಳಗಿನ ಜಾವಕ್ಕೇ ಪೋಸ್ಟ್ ಆಗಿ, ಮೀಡ್ ತನ್ನ ಕೆಲಸ ಹೋದ ಸುದ್ದಿಯನ್ನು ಫೋನಿನಲ್ಲೇ ಓದಿಕೊಳ್ಳುತ್ತಿದ್ದ.

ರೂಸ್‌ವೆಲ್ಟ್‌ದೂ ಇದೇ ಹಣೆಬರಹ. ಎರಡನೇ ಮಹಾಯುದ್ಧದ ನಡುವೆ, 1942ರಲ್ಲಿ ಜನರಿಗೆ ಭೂಪಟ ಮುಂದಿಟ್ಟುಕೊಳ್ಳಿ ಎಂದು ಹೇಳಿ, ರೇಡಿಯೊದಲ್ಲಿ ಸೋಲಿನ ಲೆಕ್ಕ ಒಪ್ಪಿಸಿದರು. ಇನ್ನೂ ಸೋಲುಗಳಿವೆ ಎಂದೂ ಸೇರಿಸಿದರು! ಸಕ್ಕರೆ, ಪೆಟ್ರೋಲ್, ಟೈರು ಎಲ್ಲಕ್ಕೂ ರೇಷನ್. ಭಾರಿ ಶ್ರೀಮಂತರ ಮೇಲಿನ ತೆರಿಗೆ ದರ ಶೇ. 94ಕ್ಕೆ ಹೋಯಿತು.

ಬುಷ್ ಬಂದ ಮೇಲೆ ಇದೆಲ್ಲ ಸುಧಾರಿಸಿತು. 2001ರ ದಾಳಿಯಾದ ತಿಂಗಳೇ ಜನರಿಗೆ ಡಿಸ್ನಿ ವರ್ಲ್ಡ್‌ಗೆ ಹೋಗಿಬನ್ನಿ ಎಂದರು. ಇರಾಕ್ ಯುದ್ಧದ ನಡುವೆ, 2003ರ ಮೇ 1ರಂದು ಪೈಲಟ್ ಡ್ರೆಸ್ ತೊಟ್ಟು ಯುದ್ಧನೌಕೆಯ ಮೇಲೆ ಜೆಟ್‌ನಲ್ಲಿ ಇಳಿದರು. ನೌಕೆ ದಡಕ್ಕೆ ಹೆಲಿಕಾಪ್ಟರ್ ಸಾಕಾಗುವಷ್ಟು ಹತ್ತಿರವೇ ಇತ್ತು, ಇರಲಿ. ಅದರ ಹೆಸರು ಅಬ್ರಹಾಂ ಲಿಂಕನ್. ಹಿಂದೆ ದೊಡ್ಡ ಬ್ಯಾನರ್: ಕೆಲಸ ಮುಗಿಯಿತು. ಅದೇ ತಿಂಗಳು ತೆರಿಗೆಯನ್ನೂ ಇಳಿಸಿದರು. ಸೈನಿಕರು ಇರಾಕ್ ಬಿಟ್ಟು ಬಂದಿದ್ದು 2011ರ ಡಿಸೆಂಬರ್‌ನಲ್ಲಿ.

ಬ್ಯಾನರ್ ನಗೆಪಾಟಲಾದಾಗ ಬುಷ್, ಅದನ್ನು ಕಟ್ಟಿದ್ದು ನಾವಿಕರು ಎಂದರು. ಮಾಡಿಸಿಕೊಟ್ಟಿದ್ದು ನಾವೇ ಎಂದು ಶ್ವೇತಭವನ ಒಪ್ಪಿಕೊಳ್ಳಬೇಕಾಯಿತು. ಮುಂದೆ ಅಧ್ಯಕ್ಷರಾದ ದಂಡನಾಯಕ ಐಸೆನ್‌ಹೋವರ್, 1944ರಲ್ಲಿ ನಾರ್ಮಂಡಿ ದಾಳಿಗೆ ಮುನ್ನ, ಸೋತರೆ ತಪ್ಪೆಲ್ಲ ನನ್ನೊಬ್ಬನದೇ ಎಂದು ಚೀಟಿ ಬರೆದು ಪರ್ಸಿನಲ್ಲಿಟ್ಟುಕೊಂಡಿದ್ದರು. ಕೈಕೆಳಗೆ ಸಾವಿರಾರು ಹಡಗುಗಳಿದ್ದವು. ಪಾಪ, ತಪ್ಪು ಹೊರಿಸಲು ಅವರಿಗೆ ಒಬ್ಬ ನಾವಿಕನೂ ಸಿಗಲಿಲ್ಲ.