ಆನುವಂಶಿಕ ಮೊಕ್ತೇಸರರ ಹತ್ತು ಸಾವಿರನೇ ಸಭೆ

ವಿಶ್ವಸಂಸ್ಥೆಯ ಭದ್ರತಾ ಮಂಡಳಿಗೆ ಅಭಿನಂದನೆಗಳು. 2025ರ ಸೆಪ್ಟೆಂಬರ್ 18ರಂದು ಅದರ 10,000ನೇ ಸಭೆ ಸಾಂಗವಾಗಿ ನೆರವೇರಿತು. ಗಾಜಾದಲ್ಲಿ ಕದನ ನಿಲ್ಲಲಿ, ಅನ್ನ-ಔಷಧಿ ಒಳಗೆ ಹೋಗಲಿ ಎಂಬ ಠರಾವಿಗೆ 14 ಕೈ ಎದ್ದವು. ಅಮೆರಿಕದ್ದು ಒಂದು ಕೈ ವಿರುದ್ಧ ಎದ್ದಿತು. ಠರಾವು ಬಿತ್ತು.

ಹದಿನಾಲ್ಕಕ್ಕಿಂತ ಒಂದು ದೊಡ್ಡದೆಂಬ ಈ ಗಣಿತ ಕಾಸರಗೋಡಿನವರಿಗೆ ಬಿಡಿಸಿ ಹೇಳಬೇಕಿಲ್ಲ. ನಮ್ಮ ದೇವಸ್ಥಾನಗಳಲ್ಲಿ ಆನುವಂಶಿಕ ಮೊಕ್ತೇಸರರು ಉಂಟಲ್ಲ, ಅದೇ ಏರ್ಪಾಡು. ಮಂಡಳಿಯ ಹದಿನೈದರಲ್ಲಿ ಅಮೆರಿಕ, ರಷ್ಯಾ, ಚೀನಾ, ಬ್ರಿಟನ್, ಫ್ರಾನ್ಸ್ ಎಂಬ ಐವರು ಖಾಯಂ ಮೊಕ್ತೇಸರರು. ಇವರಲ್ಲಿ ಒಬ್ಬರು ಬೇಡವೆಂದರೂ ಠರಾವು ಬಿತ್ತು, ಅದಕ್ಕೇ ವೀಟೋ ಎನ್ನುವುದು. ಉಳಿದ ಹತ್ತು ಮಂದಿ ಎರಡು ವರ್ಷಕ್ಕೆ ಬಂದುಹೋಗುವ ಉತ್ಸವ ಸಮಿತಿಯವರು. ಚಪ್ಪರ ಹಾಕಿಸಬಹುದು, ರಶೀದಿ ಪುಸ್ತಕ ಹಿಡಿದು ಓಡಾಡಬಹುದು, ಭಂಡಾರದ ಕೀಲಿಕೈ ಮಾತ್ರ ಕೇಳಬಾರದು. ಒಂದು ವ್ಯತ್ಯಾಸ: ನಮ್ಮ ಮೊಕ್ತೇಸರರ ತಲೆಯ ಮೇಲೆ ದೇವಸ್ಥಾನಗಳ ಉಸ್ತುವಾರಿಯ ದೇವಸ್ವಂ ಬೋರ್ಡಾದರೂ ಕೂತಿದೆ.

ಹಕ್ಕು ಕೈಬದಲಾಗುವ ಚಂದ ನೋಡಿ. ವಿಶ್ವಸಂಸ್ಥೆಯ ಸನ್ನದಿನ 23ನೇ ವಿಧಿಯಲ್ಲಿ ಖಾಯಂ ಸದಸ್ಯರ ಪೈಕಿ ಸೋವಿಯತ್ ಒಕ್ಕೂಟದ ಹೆಸರು ಇಂದಿಗೂ ಹಾಗೆಯೇ ಇದೆ. ಯಜಮಾನರು 1991ರಲ್ಲಿ ತೀರಿಕೊಂಡರು. ರಷ್ಯಾದ ಅಧ್ಯಕ್ಷ ಯೆಲ್ಟ್ಸಿನ್ ಒಂದು ಕಾಗದ ಬರೆದರು, ಕುರ್ಚಿ ರಷ್ಯಾದ ಪಾಲಾಯಿತು. ಮತದಾನವಿಲ್ಲ, ತಿದ್ದುಪಡಿಯಿಲ್ಲ. ಇಲ್ಲಿ ಐದು ಸೆಂಟ್ಸ್ ಜಾಗದ ಪೋಕ್ಕುವರವಿಗೆ (ಖಾತೆ ಬದಲಾವಣೆಗೆ) ವಿಲೇಜ್ ಆಫೀಸಿನ ಮೆಟ್ಟಿಲು ಸವೆಸುವವರು ಸ್ವಲ್ಪ ಕಲಿಯಬೇಕು ಮಾರಾಯ್ರೆ.

ಆ ಕುರ್ಚಿಯ ಮಹಿಮೆ ಕಂಡದ್ದು 2022ರ ಫೆಬ್ರವರಿ 25ರಂದು. ರಷ್ಯಾ ಉಕ್ರೇನಿಗೆ ನುಗ್ಗಿದ ಮರುದಿನ. ಇಂಗ್ಲಿಷ್ ಅಕ್ಷರಮಾಲೆಯ ಸರದಿಯಂತೆ ಆ ತಿಂಗಳ ಅಧ್ಯಕ್ಷತೆಯೂ ರಷ್ಯಾದ್ದೇ. ಆರೋಪಿಯೇ ಸಭೆ ನಡೆಸಿ, ಪರವಾಗಿ ಎದ್ದ 11 ಕೈ ಎಣಿಸಿ, ವಿರುದ್ಧ ತನ್ನದೊಂದು ಎತ್ತಿ, ಠರಾವು ಬಿತ್ತೆಂದು ತಾನೇ ಘೋಷಿಸಿತು. ನಾವು, ಚೀನಾ, ಯುಎಇ ತಟಸ್ಥರು. ವ್ಯಾಜ್ಯದ ಕಕ್ಷಿದಾರ ಮತ ಹಾಕಬಾರದೆಂಬ ನಿಯಮ 27ನೇ ವಿಧಿಯಲ್ಲಿ ಇಲ್ಲದಿಲ್ಲ. ಅದು ರಾಜಿ-ಪಂಚಾಯಿತಿಯ ಆರನೇ ಅಧ್ಯಾಯಕ್ಕೆ ಲಾಗೂ. ದಿಗ್ಬಂಧನ, ಬಲಪ್ರಯೋಗದ ಏಳನೇ ಅಧ್ಯಾಯಕ್ಕೆ ಬಂದಿರೋ, ಕಕ್ಷಿದಾರನಿಗೂ ಮತ ಉಂಟು, ಅಡ್ಡಗಾಲೂ ಉಂಟು.

ಸಭಾ ನಿಯಮಾವಳಿ 1946ರದ್ದು. ಅದಕ್ಕೆ ಈಗಲೂ ‘ತಾತ್ಕಾಲಿಕ’ ಎಂದೇ ಹೆಸರು. ಇನ್ನು ಸೈನ್ಯ. ದೇಶಗಳು ಮಂಡಳಿಗೆ ಪಡೆ ಒದಗಿಸುವ ಒಪ್ಪಂದ ಮಾಡಿಕೊಳ್ಳಬೇಕೆಂದು 43ನೇ ವಿಧಿ ಹೇಳಿತು. ಒಂದೇ ಒಂದು ಒಪ್ಪಂದವೂ ಆಗಲಿಲ್ಲ. ಆ ಪಡೆಯ ಉಸ್ತುವಾರಿಗೆಂದು 47ನೇ ವಿಧಿ ಹುಟ್ಟಿಸಿದ ಸೇನಾ ಸಿಬ್ಬಂದಿ ಸಮಿತಿ ಮಾತ್ರ ಹದಿನೈದು ದಿನಕ್ಕೊಮ್ಮೆ ಸೇರುತ್ತಲೇ ಇದೆ. ಇಲ್ಲದ ಸೈನ್ಯ ಸೋಲುವುದೂ ಇಲ್ಲ, ಆ ಮಟ್ಟಿಗೆ ಯಶಸ್ವಿ ಸಮಿತಿ.

ಎಲ್ಲ ವೀಟೋದ ತಪ್ಪೆಂದರೆ ಐವರಿಗೆ ಅನ್ಯಾಯ ಮಾಡಿದ ಹಾಗೆ. 1994ರ ಏಪ್ರಿಲ್ 21ರಂದು ಯಾರೂ ವೀಟೋ ಹಾಕಲಿಲ್ಲ. ರುವಾಂಡಾದಲ್ಲಿ ಕತ್ತಿ ಹಿಡಿದು ಮನೆಮನೆಗೆ ನುಗ್ಗಿ ಕೊಲ್ಲುತ್ತಿದ್ದ ಹೊತ್ತು. ಮೊದಲು 2,500ರಷ್ಟಿದ್ದ ಶಾಂತಿಪಾಲನಾ ಪಡೆಯನ್ನು 270ಕ್ಕೆ ಇಳಿಸಲು ಮಂಡಳಿ ಸರ್ವಾನುಮತದಿಂದ ಒಪ್ಪಿತು. ಕೊಲ್ಲಿಸುತ್ತಿದ್ದ ಸರಕಾರದ ಪ್ರತಿನಿಧಿ ಅದೇ ಮೇಜಿನಲ್ಲಿ ಸದಸ್ಯನಾಗಿ ಕೂತು ಕೈ ಎತ್ತಿದ. ನೂರು ದಿನಗಳಲ್ಲಿ ಸತ್ತವರು ಸುಮಾರು 8 ಲಕ್ಷ. ಇದಕ್ಕೆ ಎಂತ ವಿಡಂಬನೆ ಬರೆಯುವುದು? ಆಮೇಲೆ ಎಲ್ಲರೂ ವಿಷಾದಿಸಿದರು, ಅಷ್ಟೆ.

ಇಷ್ಟಾದರೂ ಭಾರತಕ್ಕೆ ಮೊಕ್ತೇಸರಿಕೆಯ ಆಸೆ. ಸನ್ನದು ತಿದ್ದಲು ಮಹಾಸಭೆಯ ಮೂರನೇ ಎರಡು ಭಾಗದ ಜೊತೆಗೆ ಆ ಐವರೂ ಅನುಮೋದಿಸಬೇಕು. ಚಂದ್ರಗಿರಿ ಹೊಳೆಯ ಉತ್ತರದ ಕಾಸರಗೋಡು ಕರ್ನಾಟಕಕ್ಕೆ ಸೇರಲಿ ಎಂದ 1967ರ ಮಹಾಜನ ವರದಿ ಹಿಡಿದು ಆ ಹೊಳೆಯ ದಡದಲ್ಲಿ ಕೂತವರಿಗೆ ಈ ಕಾಯುವಿಕೆಯ ರುಚಿ ಗೊತ್ತು. ಕುರ್ಚಿ ಕೊಟ್ಟರೆ 15 ವರ್ಷ ವೀಟೋ ಮುಟ್ಟುವುದಿಲ್ಲವೆಂದು ಭಾರತ, ಜಪಾನ್, ಜರ್ಮನಿ, ಬ್ರೆಜಿಲ್ 2005ರಲ್ಲೇ ಬರೆದುಕೊಟ್ಟವು. ಬರೆದುಕೊಟ್ಟೇ 2020ಕ್ಕೆ ಹದಿನೈದು ವರ್ಷ ತುಂಬಿತು. ಕುರ್ಚಿ ಇನ್ನೂ ಬಂದಿಲ್ಲ.